ಇಂಟರ್ವಲ್ಲಿನ ತನಕ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಐದೂವರೆಯ ಬಸ್ಸು.
ಕಿಟಕಿಯ ಪಕ್ಕ ಅಕ್ಕಾಯಮ್ಮ ದೊಡ್ಡಮ್ಮ,
ಕುದಿನೀರಲ್ಲಿ ಗೂಡಿನ ತುದಿ ಹುಡುಕಿ ಹುಡುಕಿ
ಬೆರಳೆಲ್ಲ ಬೆಳ್ಳಗೆ ಸುಕ್ಕು,
ಒಗೆದ ಸೀರೆಯ ಸೋಪಿನಡಿ ಹುಳದ ವಾಸನೆ.
‘ಎರಡನೇ ಭಾಗ ಅರ್ಥ ಆಗಕ್ಕೆ
ಮೊದಲನೇದು ಗೊತ್ತಿರಬೇಕಂತೆ.
ಫೋನಲ್ಲಿ ನೋಡಿದ್ದೀಯಲ್ಲ, ಹೇಳು.
ಅರ್ಧ ನಂಗೂ ಗೊತ್ತು. ಇಂಟರ್ವಲ್ಲಿನ ತನಕ.’

ಶುರು ಮಾಡಿದೆ:
ಒಂದು ಉಪ್ಪಿನ ಗ್ರಹ, ಎರಡು ಸೂರ್ಯ,
ಅಲ್ಲಿ ಕತ್ತಲಾಗುವುದೇ ಇಲ್ಲ...
‘ಅದು ನೋಡಿದೀನಿ, ಮುಂದಕ್ಕೆ ಹೋಗು.’
ನೀರು ಹುಡುಕಲು ಇಳಿದವರು ಒಂಬತ್ತು ಜನ,
ಅವರ ನಾಯಕ ರುದ್ರ.
‘ರುದ್ರ ಅಲ್ಲ, ಭಾರ್ಗವ.’
ನೀನು ನೋಡಿದ್ದು ತೆಲುಗು, ದೊಡ್ಡಮ್ಮ,
ಕನ್ನಡಕ್ಕೆ ಬರುವಾಗ ರುದ್ರ ಆದ.
‘ಹೆಸರು ಬದಲಾದರೆ ಆಳು ಬದಲಾಗ್ತಾನಾ?’
ಇಲ್ಲ ಅಂದೆ.

ಅವಳ ಮಡಿಲಿನ ಪೊಟ್ಟಣದಿಂದ
ಒಂಬತ್ತು ಕಡಲೆಕಾಯಿ ಸೀಟಿನ ಮೇಲಿಟ್ಟೆ.
ಇವಳು ಡಾಕ್ಟರು, ಇವನು ನಕ್ಷೆ ಬರೆಯುವವನು,
ಇವರಿಬ್ಬರು ಅಣ್ಣತಮ್ಮ,
ಇದು ಮನುಷ್ಯನಲ್ಲ, ಮಿಷಿನ್ನು, ಆದರೆ ಅಳುತ್ತೆ.
ಸತ್ತವರನ್ನೆಲ್ಲ ದೊಡ್ಡಮ್ಮ ಸುಲಿದು ತಿನ್ನುತ್ತ ಬಂದಳು.
ಬಸ್ಸು ಹಳ್ಳಕ್ಕೆ ಇಳಿದಾಗ
ಬದುಕಿದ್ದ ಒಬ್ಬ ಸೀಟಿನಡಿ ಉರುಳಿ ಹೋದ.
ಕತೆಗೆ ಅವನು ಮುಖ್ಯ ಅಲ್ಲ, ಬಿಟ್ಟೆ.

ಕೊನೆಗೆ ಬಿರುಗಾಳಿ. ಒಳಗೆ ರುದ್ರ, ಹೊರಗೆ ನಾಲ್ವರು.
ಅವನು ಬಾಗಿಲು ಹಾಕಿಕೊಂಡ.
‘ಅಯ್ಯೋ, ಅವನೇನಾ?’
ಅವನೇ. ಆಮೇಲೆ ತಾನೂ ಸತ್ತ.
ದೊಡ್ಡಮ್ಮ ರುದ್ರನನ್ನೂ ತಿಂದಳು, ನಿಧಾನಕ್ಕೆ.

ಈಗ ಎರಡನೇ ಭಾಗದಲ್ಲಿ ಅವನು ಮತ್ತೆ ಬರ್ತಾನೆ.
‘ತಿಂದಾಯ್ತಲ್ಲೋ!’
ಪೊಟ್ಟಣಕ್ಕೆ ಕೈ ಹಾಕಿ ಇನ್ನೊಂದನ್ನಿಟ್ಟೆ.
ಅವನ ನೆನಪನ್ನೆಲ್ಲ ಒಂದು ಗಾಜಿನ ಭರಣಿಯಲ್ಲಿ ಇಟ್ಟಿದ್ದರು,
ಅದರಿಂದ ಹೊಸ ಮೈ ಮಾಡಿದರು.
ಆದರೆ ಭರಣಿ ತುಂಬಿಸಿದ್ದು ಬಿರುಗಾಳಿಗೆ ಮೊದಲು.
ಬಾಗಿಲು ಹಾಕಿದ್ದು ಇವನಿಗೆ ಗೊತ್ತೇ ಇಲ್ಲ.
ಊಟಕ್ಕೆ ಕೂತರೆ ಪಕ್ಕದವರು ಎದ್ದು ಹೋಗ್ತಾರೆ,
ಯಾಕೆ ಅಂತ ಕೇಳಿದರೆ ಯಾರೂ ಹೇಳಲ್ಲ.

ದೊಡ್ಡಮ್ಮ ಕಾಯಿಯನ್ನು ಅಂಗೈಯಲ್ಲಿಟ್ಟು ನೋಡಿದಳು,
ಸಂತೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳ ಕೇಳಿಸಿಕೊಳ್ಳುವ ಹಾಗೆ ಅಲ್ಲಾಡಿಸಿದಳು.
‘ಪಾಪ. ಅವನೂ ಇಂಟರ್ವಲ್ಲಿಗೇ ಎದ್ದು ಹೋದೋನು.’

ಹುಣಸೇನಹಳ್ಳಿ ದಾಟಿತು.
ಹಿಪ್ಪುನೇರಳೆ ತೋಟಗಳ ಮೇಲೆ ಒಂದೇ ಸೂರ್ಯ, ಅದೂ ಮುಳುಗುತ್ತ.
ನೀನು ಯಾಕೆ ಎದ್ದು ಹೋದೆ ಅವತ್ತು?
ಹತ್ತೊಂಬತ್ತು ವರ್ಷದಲ್ಲಿ ನಾನು ಕೇಳಿರಲೇ ಇಲ್ಲ.

‘ಪರದೆ ಮೇಲೆ ಸ್ಲೈಡ್ ಹಾಕಿದರು.
ಮಸಿ ಬಳಿದ ಗಾಜಿನ ಮೇಲೆ ಮೊಳೆಯಲ್ಲಿ ಗೀಚಿದ ಅಕ್ಷರ:
ಶಿಡ್ಲಘಟ್ಟದ ಅಕ್ಕಾಯಮ್ಮ ಗೇಟಿಗೆ ಬರಬೇಕು.
ನನ್ನ ಹೆಸರು ಅಷ್ಟು ದೊಡ್ಡದಾಗಿ ಯಾವತ್ತೂ ನೋಡಿರಲಿಲ್ಲ,
ಮೊದಲು ಖುಷಿಯೇ ಆಯ್ತು.’

ಆಮೇಲೆ?
‘ನಿಮ್ಮಮ್ಮಂಗೆ ತಿಂಗಳು ತುಂಬಿರಲಿಲ್ಲ.
ನೀ ಹೋಗಿ ನೋಡ್ಕೊಂಡು ಬಾರೆ,
ರಾತ್ರಿ ಕತೆ ಹೇಳು ಅಂತ ಅವಳೇ ಕಳಿಸಿದ್ದು,
ಟಿಕೀಟಿನ ದುಡ್ಡೂ ಅವಳದೇ.’

ಕಡಲೆಕಾಯಿಯನ್ನು ತಿನ್ನಲಿಲ್ಲ.
ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆಸ್ಪತ್ರೆಗೆ ಹೋದಾಗ ಅಮ್ಮ ಎಚ್ಚರ ಇದ್ದಳಾ?
ಏನಾದರೂ ಕೇಳಿದಳಾ?

ಬಸ್ಸು ಚಿಂತಾಮಣಿಯ ಸ್ಟ್ಯಾಂಡಿಗೆ ತಿರುಗಿತು.
ಟೊಮೆಟೊ ಕ್ರೇಟುಗಳ ಆಚೆ, ಗೋಡೆಯ ಮೇಲೆ
ಅರ್ಧ ಮುಖ ನೆರಳಲ್ಲಿಟ್ಟುಕೊಂಡು ರುದ್ರ.
‘ಇಳಿ ಇಳಿ, ಶುರುವಾಗಿಬಿಟ್ಟಿರುತ್ತೆ,’ ಅಂದಳು,
‘ಮೊದಲಿಂದ ನೋಡಬೇಕು, ಈ ಸಲ.’